ಚುಕ್ಕಿ ತಿರುಗಿದಾಗ ಕಾಣುವ ಲೆಕ್ಕ

(ಮಾಟುಂಗಾದಲ್ಲಿ ಮುಂಬಯಿ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಪರದೆಯ ಮೇಲೆ ಓಡಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ. ಚೌಕ ಗೆರೆಯ ಹಾಳೆ, ಪೆನ್ಸಿಲ್ ಪಕ್ಕದಲ್ಲಿದ್ದರೆ ಒಳ್ಳೆಯದು.)

ಇಲ್ಲಿ ರಂಗೋಲಿ ಹಾಕುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಬಾಗಿಲ ಮುಂದೆ ಎರಡು ಟೈಲ್ಸಿನಷ್ಟೇ ಜಾಗ ಸಿಗುವ ಊರಿನಲ್ಲೂ ಇಷ್ಟು ಕೈ ಎದ್ದವು. ಹಾಗಾದರೆ ನಿಮಗೇ ಒಂದು ಪ್ರಶ್ನೆ. ನೇರ ಚುಕ್ಕಿ, 15ರಿಂದ 1. ನಡುವಿನ ಸಾಲಿಗೆ 15 ಚುಕ್ಕಿ, ಮೇಲಿನ ಸಾಲಿಗೆ 13, ಅದರ ಮೇಲೆ 11, ಹೀಗೆ ಎರಡೆರಡು ಬಿಡುತ್ತಾ ಹೋಗಿ ತುದಿಗೆ ಒಂದು. ಕೆಳಗೂ ಹಾಗೇ. ಒಟ್ಟು ಎಷ್ಟು ಚುಕ್ಕಿ?

ಮೂರನೇ ಸಾಲಿನ ಅಕ್ಕ ಒಬ್ಬರು ಬೆರಳು ಮಡಚುತ್ತಾ ಕೂಡಿಸಿ ‘ನೂರ ಹದಿಮೂರು’ ಅಂದರು. ಸರಿಯಾಗಿದೆ. ಹೇಗೆ ಲೆಕ್ಕ ಹಾಕಿದ್ರಿ ಅಕ್ಕಾ ಅಂತ ಕೇಳಿದರೆ, ‘ಮೇಲಿನ ಭಾಗ ಕೂಡಿಸಿದೆ, ಡಬಲ್ ಮಾಡಿದೆ, ನಡುವಿನ ಹದಿನೈದು ಸೇರಿಸಿದೆ’ ಅಂದರು. ಅಚ್ಚುಕಟ್ಟಾದ ಲೆಕ್ಕ.

ಈಗ ಪರದೆ ನೋಡಿ. ಅದೇ 113 ಚುಕ್ಕಿ, ಎಲ್ಲವೂ ಬಿಳಿ. ಒಂದು ಬಿಟ್ಟು ಒಂದಕ್ಕೆ ಕೆಂಪು ಬಣ್ಣ ಬರುತ್ತಿದೆ. ಕೆಂಪಿನ ಪಕ್ಕ ಬಿಳಿ, ಬಿಳಿಯ ಪಕ್ಕ ಕೆಂಪು, ಚದುರಂಗದ ಹಾಸಿನಂತೆ. ಅಂಚಿನ ಚುಕ್ಕಿಗಳೆಲ್ಲ ಕೆಂಪಾದವು, ಗಮನಿಸಿದಿರಾ? ಈಗ ಇಡೀ ರಂಗೋಲಿ ನಿಧಾನಕ್ಕೆ 45 ಡಿಗ್ರಿ ತಿರುಗುತ್ತದೆ. ನಿಂತಿತು. ಕೆಂಪು ಚುಕ್ಕಿ ಮಾತ್ರ ನೋಡಿ: ಎಂಟು ಸಾಲು, ಸಾಲಿಗೆ ಎಂಟು. ಬಿಳಿಯವನ್ನು ನೋಡಿ: ಏಳು ಸಾಲು, ಸಾಲಿಗೆ ಏಳು. ನಾಲ್ಕು ಕೆಂಪು ಚುಕ್ಕಿಗಳ ನಡುವೆ ಒಂದೊಂದು ಬಿಳಿ ಕೂತಿದೆ. 64, 49. ಎರಡೂ ಸೇರಿ 113.

ಇಷ್ಟೇ, ಇಪ್ಪತ್ತೈದು ಸೆಕೆಂಡಿನ ಆಟ. ಒಂದು ಚುಕ್ಕಿಯೂ ಹೊಸದಾಗಿ ಬಂದಿಲ್ಲ, ಒಂದೂ ಕಳೆದಿಲ್ಲ. ಪಕ್ಕದ ಚುಕ್ಕಿ ಪಕ್ಕದಲ್ಲೇ ಇದೆ. ನಾವು ನೋಡುವ ದಿಕ್ಕು ಮಾತ್ರ ಬೇರೆಯಾಯಿತು. ಅಷ್ಟಕ್ಕೇ ಉದ್ದದ ಕೂಡಿಕೆ ಲೆಕ್ಕವೊಂದು ಎರಡು ವರ್ಗಗಳ ಮೊತ್ತವಾಗಿ ಕಂಡಿತು. ಇನ್ನು 9ರಿಂದ 1 ಅಂದರೆ 25 ಮತ್ತು 16, ಒಟ್ಟು 41 ಅಂತ ಬಾಯಲ್ಲೇ ಹೇಳಬಹುದು, ಅಲ್ವಾ?

ನಾನು ಈ ಸಂಜೆ ಹೇಳಬೇಕೆಂದಿರುವುದು ಒಂದೇ ಮಾತು. ಗಣಿತದ ಅನಿಮೇಷನ್ ಅಂದರೆ ಏನೇನೋ ಹಾರಾಡುವುದು, ಬಣ್ಣ ಚೆಲ್ಲುವುದು ಅಂತ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಅದರ ಕೆಲಸ ಬೇರೆ. ಎಲ್ಲವೂ ಕದಲುತ್ತಿರುವಾಗ ಯಾವುದು ಬದಲಾಗುತ್ತಿಲ್ಲ ಅನ್ನುವುದನ್ನು ಅದು ತೋರಿಸಬೇಕು. ಪುಸ್ತಕದ ಚಿತ್ರಕ್ಕೆ ಅದು ಕಷ್ಟ. ಚಿತ್ರದಲ್ಲಿ ಎಲ್ಲವೂ ನಿಂತಿರುತ್ತದೆ. ಯಾವುದು ಬೇಕೆಂದೇ ನಿಂತಿದೆ, ಯಾವುದು ಸುಮ್ನೆ ನಿಂತಿದೆ ಅಂತ ಮಗುವಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ರಂಗೋಲಿ ತೋರಿಸುತ್ತೇನೆ, ಇದು ನನಗೆ ಇನ್ನೂ ಜಾಸ್ತಿ ಇಷ್ಟ. ಸಂದು ಚುಕ್ಕಿ, 15ರಿಂದ 8. ನಡುವೆ 15, ಅದರ ಸಂದುಗಳಲ್ಲಿ 14, ಆಮೇಲೆ 13, ಹೀಗೆ 8ಕ್ಕೆ ನಿಲ್ಲಿಸುವುದು. ಕೆಳಗೂ ಹಾಗೆಯೇ. ಆರು ಮೂಲೆಯ ಆಕಾರ ಬರುತ್ತದೆ, ಪ್ರತಿ ಬದಿಗೂ ಎಂಟು ಚುಕ್ಕಿ. ಒಟ್ಟು 169. ಪರದೆಯ ಮೇಲೆ ಈಗ ಪ್ರತಿ ಚುಕ್ಕಿಯೂ ಒಂದು ಪುಟ್ಟ ಘನವಾಗುತ್ತಿದೆ, ಲೂಡೋ ದಾಳದಷ್ಟು. ಮೂರು ಕಡೆಗೆ ಮೂರು ಛಾಯೆ ಬಂತು. ಈಗ ಏನು ಕಾಣುತ್ತದೆ?

‘ಪೆಟ್ಟಿಗೆ’ ಅಂತ ಮುಂದಿನ ಸಾಲಿನ ಹುಡುಗ ಕೂಗಿದ. ಹೌದು, ದೊಡ್ಡದೊಂದು ಪೆಟ್ಟಿಗೆಯನ್ನು ಅದರ ಮೂಲೆಗೆ ನೇರ ಎದುರು ನಿಂತು ನೋಡಿದ ಹಾಗೆ. ಉದ್ದ ಎಂಟು, ಅಗಲ ಎಂಟು, ಎತ್ತರ ಎಂಟು. ಒಳಗಿನದು ನಮಗೆ ಕಾಣುವುದಿಲ್ಲ, ಹೊರಗಿನ ಒಂದು ಪದರ ಮಾತ್ರ. ಆ ಪದರವೇ ನಮ್ಮ 169. ಈಗ ಅದನ್ನು ಸುಲಿಯೋಣ. ಪದರ ಪಕ್ಕಕ್ಕೆ ಹೋಯಿತು. ಒಳಗೆ ಏಳರ ಘನ ಉಳಿಯಿತು. ಅದರ ಹೊರಪದರ ಸುಲಿದರೆ 127, ಅಂದರೆ 13ರಿಂದ 7ರ ಸಂದು ಚುಕ್ಕಿ. ಹೀಗೆ ಸುಲಿಯುತ್ತಾ ಹೋದರೆ ಕೊನೆಗೆ ಒಂದೇ ಒಂದು. 1, 7, 19, 37, 61, 91, 127, 169. ಎಲ್ಲ ಕೂಡಿಸಿ ನೋಡಿ, 512. ಎಂಟರ ಘನ.

ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಚುಕ್ಕಿಗಳು ಘನದ ಲೆಕ್ಕ ಹೇಳುತ್ತಿವೆ! ಅಂದಹಾಗೆ 169 ಅಂದರೆ 13ರ ವರ್ಗವೂ ಹೌದು. ಒಂದು ಚುಕ್ಕಿಯ ರಂಗೋಲಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಆರು ಮೂಲೆಯ ರಂಗೋಲಿಯ ಚುಕ್ಕಿಗಳನ್ನೆಲ್ಲ ಎತ್ತಿ ಪೂರ್ತಿ ಚೌಕವಾಗಿ ಜೋಡಿಸಲು ಬರುವುದು ಇಲ್ಲಿಯೇ ಮೊದಲು. ಮುಂದಿನ ಸಲ ಹಾಗಾಗುವುದು ನಡುವಿನ ಸಾಲಿನಲ್ಲಿ 209 ಚುಕ್ಕಿ ಇಟ್ಟಾಗ. ಒಟ್ಟು 32,761, ಅಂದರೆ 181ರ ವರ್ಗ. ಅದಕ್ಕೆ ಬಾಗಿಲ ಮುಂದಿನ ಟೈಲ್ಸ್ ಸಾಲದು, ಶಿವಾಜಿ ಪಾರ್ಕ್ ಮೈದಾನವೇ ಬೇಕು.

ಇವನ್ನೆಲ್ಲ ಮಾಡುವುದು ಹೇಗೆ ಅಂತ ಕೆಲವರಿಗೆ ಕುತೂಹಲ ಇರಬಹುದು. ನಾನು ಕಾಲೇಜಿನಲ್ಲಿ ಲೆಕ್ಕ ಕಲಿಸುವವನು, ಚಿತ್ರಗಾರನಲ್ಲ. ನೆಟ್ಟಗೆ ಒಂದು ಆನೆ ಬರೆಯಲು ಬರುವುದಿಲ್ಲ. ಆದರೂ ಇದು ಸಾಧ್ಯವಾಗಿರುವುದು ಮ್ಯಾನಿಮ್ ಅನ್ನುವ ಸಾಫ್ಟ್‌ವೇರ್‌ನಿಂದ. ಅಮೆರಿಕದ ಗ್ರಾಂಟ್ ಸ್ಯಾಂಡರ್ಸನ್ ಅನ್ನುವವರು 2015ರಲ್ಲಿ ‘ತ್ರೀ ಬ್ಲೂ ಒನ್ ಬ್ರೌನ್’ ಅನ್ನುವ ಯೂಟ್ಯೂಬ್ ಚಾನೆಲ್ ಶುರು ಮಾಡಿದರು. ತಮ್ಮ ವೀಡಿಯೊಗಳಿಗೆ ಬೇಕು ಅಂತ ಪೈಥಾನ್ ಭಾಷೆಯಲ್ಲಿ ಇದನ್ನು ಬರೆದುಕೊಂಡರು. ಆಮೇಲೆ ಎಲ್ಲರಿಗೂ ಬಿಟ್ಟುಕೊಟ್ಟರು. ಈಗ ಅದರದ್ದೇ ಇನ್ನೊಂದು ಆವೃತ್ತಿಯನ್ನು ಬಳಕೆದಾರರೇ ಸೇರಿ ನಡೆಸುತ್ತಿದ್ದಾರೆ. ದುಡ್ಡು ಕೊಡಬೇಕಿಲ್ಲ.

ಇದರಲ್ಲಿ ಚಿತ್ರ ಬರೆಯುವುದಿಲ್ಲ, ಹೇಳುವುದು. ಇಲ್ಲೊಂದು ವೃತ್ತ ಇಡು, ಅದನ್ನು ಚೌಕ ಮಾಡು, ಎರಡು ಸೆಕೆಂಡ್ ತೆಗೆದುಕೋ, ಒಂದು ಸೆಕೆಂಡ್ ಸುಮ್ಮನಿರು. ನಡುವಿನ ಚಿತ್ರಗಳನ್ನು ಕಂಪ್ಯೂಟರ್ ತುಂಬಿಕೊಳ್ಳುತ್ತದೆ. ಕರಡು ಪ್ರತಿಗೆ ಸೆಕೆಂಡಿಗೆ 15 ಚಿತ್ರ ಸಾಕು, ಬೇಗ ಆಗುತ್ತದೆ. ಚೊಕ್ಕ ಪ್ರತಿಗೆ ಸೆಕೆಂಡಿಗೆ 60. ಅರ್ಧ ನಿಮಿಷದ ತುಣುಕಿಗೆ 1,800 ಚಿತ್ರ. ಕೈಯಲ್ಲಿ ಬರೆಯುವವರ ಕಾಲದಲ್ಲಿ ಅದು ಎಷ್ಟು ದಿನಗಳ ಕೆಲಸ, ಯೋಚಿಸಿ.

ಮ್ಯಾನಿಮ್‌ನಲ್ಲಿ ವಸ್ತುಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಲೋಕಲ್ ಗಾಡಿ ಸ್ಟೇಷನ್ ಬಿಡುವಾಗ ನಿಧಾನ, ನಡುವೆ ಜೋರು, ಮುಂದಿನ ಸ್ಟೇಷನ್ ಹತ್ತಿರ ಬಂದಾಗ ಮತ್ತೆ ನಿಧಾನ ಆಗುತ್ತದಲ್ಲ, ಹಾಗೆ. ನಾವು ಬೇರೆ ಹೇಳದಿದ್ದರೆ ಅದು ಹಾಗೇ ಓಡಿಸುತ್ತದೆ. ಕಣ್ಣಿಗೆ ಹಿತ. ಹೊರಡುವಾಗ ಯಾವುದು ಹೊರಟಿತು ಅಂತ ಹಿಡಿಯಲು, ನಿಲ್ಲುವಾಗ ಎಲ್ಲಿ ನಿಂತಿತು ಅಂತ ನೋಡಲು ಸಮಯ ಸಿಗುತ್ತದೆ.

ಆದರೆ ಯಾವ ಸಾಫ್ಟ್‌ವೇರೂ ಹೇಳಿಕೊಡದ ಒಂದು ಸಂಗತಿ ಇದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು. ಅದಕ್ಕೆ ನಮ್ಮ ಹಳೆಯ ಗಣಿತಜ್ಞ ಭಾಸ್ಕರಾಚಾರ್ಯರ ತ್ರಿಭುಜದ ಚಿತ್ರವನ್ನೇ ನೋಡೋಣ. ಮೊದಲು ಅವರಿಗೂ ಮಾಟುಂಗಾಕ್ಕೂ ಇರುವ ನಂಟು ಹೇಳಿಬಿಡುತ್ತೇನೆ.

ಈ ಮಾಟುಂಗಾದಲ್ಲೇ ಭಾವು ದಾಜಿ ರಸ್ತೆ ಇದೆ, ನಿಮ್ಮಲ್ಲಿ ಎಷ್ಟೋ ಜನ ದಿನಾ ಓಡಾಡುವ ರಸ್ತೆ. ಭಾವು ದಾಜಿ ಲಾಡ್ ಗೋವಾದ ಮಾಂದ್ರೆಯಲ್ಲಿ ಹುಟ್ಟಿ ಮುಂಬಯಿಗೆ ಬಂದವರು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಮೊದಲ ತಂಡದ ಡಾಕ್ಟರು. ಭಾಯಖಳಾದ ಮ್ಯೂಸಿಯಂಗೂ ಅವರ ಹೆಸರೇ. ರೋಗಿಗಳನ್ನು ನೋಡುವುದರ ಜೊತೆಗೆ ಶಾಸನ ಓದುವ ಹುಚ್ಚು ಬೇರೆ. ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವ ಬರೆಸಿದ ಶಾಸನವೊಂದಿದೆ. ಅಜ್ಜನ ಗ್ರಂಥಗಳನ್ನು ಕಲಿಸಲು ಒಂದು ಮಠ ಕಟ್ಟಿಸಿದ ವಿಷಯ ಅದರಲ್ಲಿದೆ. ಅದನ್ನು 1865ರಲ್ಲಿ ವಿದ್ವಾಂಸರ ಗಮನಕ್ಕೆ ತಂದವರು ಈ ಡಾಕ್ಟರು. ಭಾಸ್ಕರರು ಹುಟ್ಟಿದ್ದು 1114ರಲ್ಲಿ, ಸಹ್ಯಾದ್ರಿಯ ಮಡಿಲಿನ ಒಂದು ಊರಿನಲ್ಲಿ ಅಂತ ಅವರೇ ಬರೆದುಕೊಂಡಿದ್ದಾರೆ. ಆ ಊರು ಇದ್ದದ್ದು ನಮ್ಮ ವಿಜಯಪುರದ ಕಡೆಯೋ ಮಹಾರಾಷ್ಟ್ರದ ಖಾನದೇಶದಲ್ಲೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಗಡಿ ತಕರಾರು ಗಣಿತವನ್ನೂ ಬಿಟ್ಟಿಲ್ಲ ನೋಡಿ.

ಭಾಸ್ಕರರ ‘ಬೀಜಗಣಿತ’ ಅನ್ನುವ ಗ್ರಂಥದಲ್ಲಿ ಒಂದು ಪ್ರಶ್ನೆ ಬರುತ್ತದೆ. ಲಂಬಕೋನ ತ್ರಿಭುಜದ ಎರಡು ಬದಿ ‘ತಿಥಿ’ಯಷ್ಟು ಮತ್ತು ‘ನಖ’ದಷ್ಟು. ಪಕ್ಷಕ್ಕೆ ತಿಥಿ 15, ಕೈಕಾಲಿನ ಉಗುರು 20, ಅಂದರೆ ಬದಿಗಳು 15 ಮತ್ತು 20. ಕರ್ಣ ಎಷ್ಟು? ಅಲ್ಲಿಗೇ ಬಿಡುವುದಿಲ್ಲ. ರೂಢಿಯಲ್ಲಿರುವ ಈ ಲೆಕ್ಕಕ್ಕೆ ಉಪಪತ್ತಿಯನ್ನೂ, ಅಂದರೆ ಅದು ಯಾಕೆ ಸರಿ ಅನ್ನುವುದನ್ನೂ, ಹೇಳು ಅಂತ ಕೇಳುತ್ತಾರೆ. ಚಿತ್ರ ಬರೆದು ‘ನೋಡು’ ಅಂತ ಒಂದೇ ಮಾತು ಹೇಳಿ ಭಾಸ್ಕರರು ಸುಮ್ಮನಾದರು ಅನ್ನುವ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಹೋಗುತ್ತಲೇ ಇದೆ. ಕಥೆ ಚೆನ್ನಾಗಿದೆ. ಆದರೆ ಬೀಜಗಣಿತದಲ್ಲಿ ಲೆಕ್ಕವನ್ನೂ ಬಿಡಿಸಿ ಹೇಳಿದ್ದಾರೆ: ಎರಡು ಬದಿಗಳ ಗುಣಲಬ್ಧದ ಎರಡರಷ್ಟಕ್ಕೆ ಅವುಗಳ ವ್ಯತ್ಯಾಸದ ವರ್ಗ ಸೇರಿಸಿದರೆ ವರ್ಗಗಳ ಮೊತ್ತ ಬರುತ್ತದೆ ಅಂತ.

ಪರದೆಯ ಮೇಲೆ ಇದು ಹೀಗೆ. 15-20ರ ನಾಲ್ಕು ತ್ರಿಭುಜಗಳು ಒಂದರ ಹಿಂದೊಂದು ತಿರುಗಿ ಬಂದು ಸೇರುತ್ತವೆ. ಕರ್ಣಗಳು ಹೊರಗೆ. ದೊಡ್ಡ ಚೌಕ ಆಯಿತು, ನಡುವೆ ಚಿಕ್ಕದೊಂದು ಚೌಕದ ಖಾಲಿ ಜಾಗ ಉಳಿಯಿತು. ಇಲ್ಲಿ ನಾನು ನಿಲ್ಲಿಸುತ್ತೇನೆ. ಪೂರ್ತಿ ನಾಲ್ಕು ಸೆಕೆಂಡ್ ಏನೂ ಆಗುವುದಿಲ್ಲ. ಆ ಖಾಲಿ ಜಾಗದ ಬದಿ ಎಷ್ಟು ಅಂತ ನೋಡುವವರು ತಾವೇ ಹುಡುಕಲಿ. 20ರ ಬದಿಯ ಮೇಲೆ ಪಕ್ಕದ ತ್ರಿಭುಜದ 15 ಬಂದು ಕೂತಿದೆ, ಉಳಿದದ್ದು 5. ತ್ರಿಭುಜ ಒಂದಕ್ಕೆ 150ರಂತೆ ನಾಲ್ಕಕ್ಕೆ 600, ನಡುವೆ 25. ಒಟ್ಟು 625. ಕರ್ಣ 25.

ಆಮೇಲೆ ಎರಡು ತ್ರಿಭುಜ ಮಾತ್ರ ಜಾರಿ ಹೋಗಿ ಇನ್ನೆರಡರ ಬೆನ್ನಿಗೆ ಅಂಟುತ್ತವೆ. ಎರಡು ಆಯತ, ಮೂಲೆಯಲ್ಲಿ ಆ ಪುಟ್ಟ ಚೌಕ. ಒಂದು ಗೆರೆ ಎಳೆದರೆ ಅದೇ ಆಕಾರ 20ರ ಚೌಕ ಮತ್ತು 15ರ ಚೌಕ ಪಕ್ಕಪಕ್ಕ ನಿಂತಂತೆ ಕಾಣುತ್ತದೆ. ಇದನ್ನು ನಿಲ್ಲಿಸದೆ ಎಂಟು ಸೆಕೆಂಡಿನಲ್ಲಿ ಓಡಿಸಬಹುದು. ಮೊಬೈಲಿನಲ್ಲಿ ಬರುವ ರೀಲ್ಸ್ ಹಾಗೆಯೇ ಓಡಿಸುತ್ತವೆ, ಹಿಂದೆ ಢಂ ಢಂ ಸಂಗೀತ ಬೇರೆ. ನೋಡಿದವರು ಆಹಾ ಅನ್ನುತ್ತಾರೆ, ಬೆರಳು ಮೇಲೆ ಸರಿಯುತ್ತದೆ. ಆ 5 ಎಲ್ಲಿಂದ ಬಂತು ಅಂತ ಕೇಳಿ ನೋಡಿ, ಹೇಳುವವರು ಕಡಿಮೆ. ಪ್ರಶ್ನೆ ಹುಟ್ಟುವ ಕಡೆಯೇ ಮುಗಿಸಿಬಿಡುವುದು ಈ ರೀಲ್ಸ್‌ಗಳ ದೊಡ್ಡ ದೋಷ ಅಂತ ನನ್ನ ಅನಿಸಿಕೆ.

ನನ್ನ ತುಣುಕುಗಳಲ್ಲಿ ಸಂಗೀತ ಇಲ್ಲ. ಮಾತೂ ಇಲ್ಲ. ಅಂಕಿಗಳ ಹೊರತು ಅಕ್ಷರವೇ ಇಲ್ಲ. ಕನ್ನಡದ ಸಭೆಗೆ ಬಂದು ಕನ್ನಡ ಇಲ್ಲದ ವೀಡಿಯೊ ತೋರಿಸ್ತೀರಲ್ಲ ಮಾರಾಯ್ರೇ ಅಂತ ಯಾರಾದರೂ ಕೇಳಬಹುದು. ಕಾರಣ ಇದೆ. ನಮ್ಮ ಮಕ್ಕಳು ಇಲ್ಲಿ ಹೆಚ್ಚಾಗಿ ಇಂಗ್ಲಿಷ್ ಮೀಡಿಯಂ. ಶಾಲೆಯಲ್ಲಿ ಮರಾಠಿಯೂ ಇದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಗೆಳೆಯರ ಜೊತೆ ಹಿಂದಿ. ವೀಡಿಯೊ ಇಂಗ್ಲಿಷಿನಲ್ಲಿ ಮಾತಾಡಿಬಿಟ್ಟರೆ ಅಜ್ಜಿಗೆ ಅಲ್ಲಿ ಕೆಲಸ ಇಲ್ಲ. ಅದು ಸುಮ್ಮನಿದ್ದರೆ ಯಾರಾದರೂ ಮಾತಾಡಲೇಬೇಕು. ಅಜ್ಜಿ ಮೊಮ್ಮಗಳ ಪಕ್ಕ ಕೂತು, ‘ಇದು ತಿರುಗಿತು ನೋಡು, ಇದು ಅಲ್ಲೇ ಇದೆ’ ಅನ್ನಬೇಕು. ಆಗ ಲೆಕ್ಕ ಮನೆಮಾತಿನಲ್ಲಿ ನಡೆಯುತ್ತದೆ.

ಇಲ್ಲಿ ಹಿರಿಯರು ಹಲವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು. ನಿಮಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಇರುತ್ತದೆ. ವೀಸ ಅಂದರೆ ಎಷ್ಟು? ‘ಹದಿನಾರರಲ್ಲಿ ಒಂದು’ ಅಂತ ಅಲ್ಲೊಬ್ಬರು ಯಜಮಾನರು ಥಟ್ಟನೆ ಹೇಳಿದರು. ಹಾಗಾದರೆ ಕಾಲುವೀಸ ಅಂದರೆ 64ರಲ್ಲಿ ಒಂದು. ಈಗ ಕಾಲು, ಅದಕ್ಕೆ ವೀಸ ಸೇರಿಸಿ, ಅದಕ್ಕೆ ಕಾಲುವೀಸ, ಮತ್ತೆ ಅದರ ಕಾಲು, ಹೀಗೆ ಸೇರಿಸುತ್ತಲೇ ಹೋದರೆ ಎಲ್ಲಿಗೆ ಮುಟ್ಟುತ್ತದೆ? ಮುಗಿಯದ ಕೂಡಿಕೆ. ಪೇಪರ್ ಮೇಲೆ ಮಾಡಲು ಕೂತರೆ ಬೇಜಾರು.

ಪರದೆ ನೋಡಿ. ಒಂದು ಚೌಕ. ನಾಲ್ಕು ಭಾಗ ಆಯಿತು. ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ಒಂದಕ್ಕೆ ಹಸಿರು. ನಾಲ್ಕನೆಯದು ಖಾಲಿ. ಆ ಖಾಲಿಯನ್ನು ಮತ್ತೆ ನಾಲ್ಕು ಮಾಡಿ ಅದೇ ಮೂರು ಬಣ್ಣ. ಮತ್ತೆ ಒಂದು ಖಾಲಿ. ಮತ್ತೆ, ಮತ್ತೆ. ಖಾಲಿ ಜಾಗ ಮೂಲೆಗೆ ಓಡುತ್ತಾ ಚುಕ್ಕಿಯಾಯಿತು. ಕೆಂಪೆಲ್ಲ ಕೂಡಿದರೆ ನಮ್ಮ ಕಾಲು, ವೀಸ, ಕಾಲುವೀಸ. ನೀಲಿಯೂ ಅಷ್ಟೇ, ಹಸಿರೂ ಅಷ್ಟೇ. ಚೌಕವನ್ನು ಮೂರು ಬಣ್ಣ ಸಮನಾಗಿ ಹಂಚಿಕೊಂಡಿವೆ. ಉತ್ತರ ಮೂರರಲ್ಲಿ ಒಂದು. ಇಲ್ಲಿ ಎಲ್ಲವೂ ಚಿಕ್ಕದಾಗುತ್ತಾ ಹೋದರೂ ಮೂರು ಬಣ್ಣಗಳು ಯಾವಾಗಲೂ ಸರಿಸಮ. ಆ ಸರಿಸಮವನ್ನು ಹಿಡಿದರೆ ಲೆಕ್ಕ ಕೈಗೆ ಸಿಕ್ಕಂತೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಅನಿಮೇಷನ್ ಸುಳ್ಳು ಹೇಳಬಲ್ಲದು. ಅದೂ ಸಲೀಸಾಗಿ.

ಇದು ಹಳೆಯ ಮೋಸ, ಗೊತ್ತಿರುವವರು ಸುಮ್ಮನಿರಿ. ಎಂಟು ಮನೆ ಉದ್ದ, ಎಂಟು ಮನೆ ಅಗಲದ ಚೌಕ. 64 ಮನೆ. ಅದನ್ನು ನಾಲ್ಕು ತುಂಡು ಮಾಡುತ್ತೇವೆ. ಮೊದಲು ಅಡ್ಡಕ್ಕೆ ಒಂದೇ ಗೆರೆ: ಎಂಟು ಉದ್ದ, ಮೂರು ಅಗಲದ ಪಟ್ಟಿ ಒಂದು, ಎಂಟು ಉದ್ದ, ಐದು ಅಗಲದ ಪಟ್ಟಿ ಇನ್ನೊಂದು. ಚಿಕ್ಕ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಭುಜ. ದೊಡ್ಡದನ್ನು ಓರೆಯಾಗಿ, ಮೇಲೆ ಮೂರು ಮನೆ ಕೆಳಗೆ ಐದು ಮನೆ ಬರುವಂತೆ ಕತ್ತರಿಸಿದರೆ ಇನ್ನೆರಡು ತುಂಡು. ಈಗ ನಾಲ್ಕೂ ಜಾರಿ, ತಿರುಗಿ, 13 ಉದ್ದ 5 ಅಗಲದ ಆಯತವಾಗಿ ಕೂಡಿಕೊಳ್ಳುತ್ತವೆ. ಎಣಿಸಿ. 65! ಒಂದು ಮನೆ ಎಲ್ಲಿಂದಲೋ ಬಂತು. ಮುಂಬಯಿಯಲ್ಲಿ ಹೀಗೆ ಜಾಗ ಹುಟ್ಟುವುದಾದರೆ ಬಿಲ್ಡರುಗಳು ನನ್ನನ್ನು ಬಿಡುತ್ತಿರಲಿಲ್ಲ.

ಮೋಸ ಎಲ್ಲಿದೆ? ತ್ರಿಭುಜದ ಓರೆ ಗೆರೆ ಎಂಟು ಮನೆ ಹೋಗುವಾಗ ಮೂರು ಏರುತ್ತದೆ, ಅಂದರೆ ಮನೆಗೆ 0.375. ಇನ್ನೊಂದು ತುಂಡಿನ ಓರೆ ಐದು ಹೋಗುವಾಗ ಎರಡು ಏರುತ್ತದೆ, ಮನೆಗೆ 0.4. ಎರಡೂ ಸೇರಿ ಒಂದೇ ನೇರ ಗೆರೆ ಆಗಲು ಸಾಧ್ಯವಿಲ್ಲ. ಕರ್ಣದ ಉದ್ದಕ್ಕೂ ತೆಳ್ಳನೆಯ ಸೀಳು ಇದೆ. ಒಂದೊಂದು ಮನೆ ಒಂದು ಸೆಂಟಿಮೀಟರ್ ಅಂದುಕೊಂಡರೆ, ಸುಮಾರು 14 ಸೆಂಟಿಮೀಟರ್ ಉದ್ದದ ಆ ಸೀಳು ಅತಿ ಹೆಚ್ಚು ಅಂದರೆ ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ ಅಗಲ. ಅದರ ವಿಸ್ತೀರ್ಣ ಸರಿಯಾಗಿ ಒಂದು ಮನೆ.

ಈಗ ನನ್ನ ಕೈಚಳಕ ನೋಡಿ. ಗೆರೆಯ ದಪ್ಪ ಎಷ್ಟಿರಬೇಕು ಅಂತ ಹೇಳುವ ಒಂದು ಅಂಕಿ ಕೋಡಿನಲ್ಲಿದೆ. ಅದನ್ನು ಸ್ವಲ್ಪ ಏರಿಸಿದರೆ ಸೀಳು ಮುಚ್ಚಿಹೋಯಿತು. ಇಳಿಸಿದರೆ ಕಂಡಿತು. ತುಂಡುಗಳು ಚುರುಕಾಗಿ ಓಡುತ್ತಿದ್ದರೆ, ನಿಂತ ತಕ್ಷಣ 65 ಅನ್ನುವ ಅಂಕಿ ದೊಡ್ಡದಾಗಿ ಬಂದರೆ, ಸೀಳಿನ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ನಾನು ಭಾಸ್ಕರರ ಚಿತ್ರದಲ್ಲಿ ತ್ರಿಭುಜಗಳನ್ನು ಜಾರಿಸಿದ್ದೂ ಹೀಗೆಯೇ, ಅಲ್ವಾ? ಅಲ್ಲಿ ಸೀಳಿಲ್ಲ ಅಂತ ಹೇಗೆ ನಂಬಿದಿರಿ? ಕಣ್ಣು ನೋಡಿ ನಂಬಿದ್ದಾದರೆ ಇಲ್ಲೂ ನಂಬಬೇಕಾಗುತ್ತದೆ. ಅಲ್ಲಿ ಮೂಲೆಗಳ ಲೆಕ್ಕ ಕೂಡುತ್ತದೆ: ತ್ರಿಭುಜದ ಎರಡು ಚೂಪು ಕೋನಗಳು ಸೇರಿ ಸರಿಯಾಗಿ 90 ಡಿಗ್ರಿ. ಆದ್ದರಿಂದ ಕರ್ಣಗಳು ಸೇರುವ ಕಡೆ ನಿಜವಾಗಿಯೂ ಚೌಕದ ಮೂಲೆಯೇ ಬರುತ್ತದೆ. ಆ ನಾಲ್ಕು ಸೆಕೆಂಡಿನ ನಿಲುಗಡೆ ಇದಕ್ಕೂ ಬೇಕು.

ಇನ್ನೂ ಹಠಮಾರಿ ಒಂದು ಉದಾಹರಣೆ ಇದೆ. ಒಂದು ಮೀಟರಿನ ಚೌಕ. ಮೂಲೆಯಿಂದ ಎದುರು ಮೂಲೆಗೆ ಮೆಟ್ಟಿಲು ಹಾಕಿ. ಒಂದೇ ಮೆಟ್ಟಿಲಾದರೆ ಒಂದು ಮೀಟರ್ ಅಡ್ಡ, ಒಂದು ಮೀಟರ್ ಮೇಲೆ, ಒಟ್ಟು ಎರಡು. ಹತ್ತು ಮೆಟ್ಟಿಲಾದರೂ ಎರಡು. ಸಾವಿರಕ್ಕೂ ಎರಡೇ. ಪರದೆಯ ಮೇಲೆ ಮೆಟ್ಟಿಲುಗಳು ಸಣ್ಣದಾಗುತ್ತಾ ಕರ್ಣದ ಜೊತೆ ಒಂದಾಗಿಬಿಡುತ್ತವೆ. ಆದರೆ ಕರ್ಣದ ಉದ್ದ 1.414 ಮೀಟರ್. ಇಲ್ಲಿ ಗೆರೆ ದಪ್ಪದ ಮೋಸ ಇಲ್ಲ. ಮೆಟ್ಟಿಲುಗಳು ನಿಜವಾಗಿಯೂ ಕರ್ಣಕ್ಕೆ ಎಷ್ಟು ಬೇಕಾದರೂ ಹತ್ತಿರ ಹೋಗುತ್ತವೆ, ನಡುವಿನ ಜಾಗ ಸೊನ್ನೆಯತ್ತ ಹೋಗುತ್ತದೆ. ಉದ್ದ ಮಾತ್ರ ಕರ್ಣದ ಉದ್ದದತ್ತ ಹೋಗುವುದಿಲ್ಲ. ಎಷ್ಟು ಹಿಗ್ಗಿಸಿ ನೋಡಿದರೂ ಪ್ರತಿ ಮೆಟ್ಟಿಲೂ ಅಡ್ಡ, ಲಂಬ, ಅಡ್ಡ, ಲಂಬ. ಓರೆಯಾಗಿ ಅದು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಇದನ್ನು ಹೇಳಲು ಅನಿಮೇಷನ್ನಿನಲ್ಲಿ ಜೂಮ್ ಬೇಕೇ ಬೇಕು. ದೂರದಿಂದ ತೋರಿಸಿದರೆ ತಪ್ಪನ್ನೇ ಕಲಿಸಿದಂತೆ.

ಕದಲುವ ಗಣಿತಕ್ಕೆ ಯಾವಾಗಲೂ ಪರದೆಯೇ ಬೇಕು ಅಂತಲೂ ಇಲ್ಲ. ಪುಣೆಗೆ ಹೋದರೆ ಅಯೂಕಾ ನೋಡಿ. 1988ರಲ್ಲಿ ಶುರುವಾದ ಖಗೋಳ ಸಂಶೋಧನಾ ಕೇಂದ್ರ, ಜಯಂತ ನಾರಳೀಕರ್ ಅದರ ಮೊದಲ ನಿರ್ದೇಶಕರು. ಕಟ್ಟಡದ ವಿನ್ಯಾಸ ಚಾರ್ಲ್ಸ್ ಕೊರಿಯಾ ಅವರದ್ದು. ಅಲ್ಲಿ ನೆಲದ ಮೇಲೆ ಸಿಯರ್ಪಿನ್‌ಸ್ಕಿ ತ್ರಿಭುಜದ ವಿನ್ಯಾಸ ಇದೆ. ಒಂದು ತ್ರಿಭುಜದ ನಡುವಿನ ಕಾಲು ಭಾಗ ತೆಗೆಯಿರಿ. ಉಳಿದ ಮೂರರಲ್ಲಿ ಒಂದೊಂದರದ್ದೂ ನಡುವಿನ ಕಾಲು ತೆಗೆಯಿರಿ. ಹತ್ತು ಸಲ ತೆಗೆಯುವಷ್ಟರಲ್ಲಿ ನೂರಕ್ಕೆ ಆರು ಪಾಲೂ ಉಳಿದಿರುವುದಿಲ್ಲ. ಕಲ್ಲು ಹಾಸಿದವರು ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು, ಉಳಿದದ್ದನ್ನು ನೋಡುವವರ ತಲೆ ಓಡಿಸುತ್ತದೆ. ಅದೇ ಕೇಂದ್ರದಲ್ಲಿ ಅರವಿಂದ ಗುಪ್ತಾ ಬಹಳ ವರ್ಷ ಬೆಂಕಿಕಡ್ಡಿ, ಸೈಕಲ್ ಟ್ಯೂಬಿನ ಚೂರು, ಹಳೇ ಪೇಪರ್ ಇಟ್ಟುಕೊಂಡು ಆಟಿಕೆ ಮಾಡಿಸಿದರು. ಅವುಗಳ ಚಿಕ್ಕ ಚಿಕ್ಕ ವೀಡಿಯೊಗಳನ್ನು ಹಲವು ಭಾಷೆಗಳಲ್ಲಿ ಪುಕ್ಕಟೆಯಾಗಿ ಹಂಚಿದರು. ನನಗೆ ಒಂದೆರಡು ನಿಮಿಷದ ತುಣುಕಿನಲ್ಲಿ ಎಷ್ಟು ಹೇಳಬಹುದು ಅನ್ನುವ ಧೈರ್ಯ ಬಂದಿದ್ದು ಅವನ್ನು ನೋಡಿ.

ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ತಾಯಿ ಕೇಳಿದರು: ‘ನನ್ನ ಮಗಳು ಎಂಟನೇ ಕ್ಲಾಸು. ಕೋಡಿಂಗ್ ಬರುವುದಿಲ್ಲ. ಅವಳೇ ಇಂಥದ್ದು ಮಾಡಬಹುದಾ?’

ಖಂಡಿತ. ಮ್ಯಾನಿಮ್ ಸ್ವಲ್ಪ ಆಮೇಲೆ ಇರಲಿ ಅಮ್ಮ. ಜಿಯೋಜೀಬ್ರಾ ಅಂತ ಗೆರೆ, ಆಕಾರ ಎಳೆದು ಕದಲಿಸುವ ಆ್ಯಪ್ ಇದೆ, ಅದರಿಂದ ಶುರು ಮಾಡಿಸಿ. ಅದೂ ಪುಕ್ಕಟೆ, ಮೊಬೈಲಿನಲ್ಲೂ ಓಡುತ್ತದೆ. ಎರಡು ಸಮಾನಾಂತರ ಗೆರೆ ಎಳೆಯಲಿ. ಕೆಳಗಿನ ಗೆರೆಯ ಮೇಲೆ ತ್ರಿಭುಜದ ಪಾದ, ಮೇಲಿನ ಗೆರೆಯ ಮೇಲೆ ತುದಿ. ಆ ತುದಿಯನ್ನು ಬೆರಳಿನಿಂದ ಎಳೆಯಲಿ. ತ್ರಿಭುಜ ವಾಲುತ್ತದೆ, ಉದ್ದವಾಗುತ್ತದೆ, ಕಡ್ಡಿಯಂತಾಗುತ್ತದೆ. ಪಕ್ಕದಲ್ಲಿ ವಿಸ್ತೀರ್ಣದ ಅಂಕಿ ಇಟ್ಟಿರಲಿ. ಅದು ಅಲ್ಲಾಡುವುದಿಲ್ಲ. ಯಾಕೆ ಅಂತ ಅವಳು ನಿಮ್ಮನ್ನು ಕೇಳುತ್ತಾಳೆ, ತಯಾರಾಗಿರಿ. ಇನ್ನೊಂದು ವಿಷಯ, ನೋಡುವುದಕ್ಕಿಂತ ಮಾಡುವುದರಲ್ಲಿ ಕಲಿಕೆ ಜಾಸ್ತಿ. ನಾಲ್ಕು ತ್ರಿಭುಜ ಜಾರಿಸಲು ಪ್ರತಿ ತುದಿಯ ಜಾಗವನ್ನೂ ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ಪರದೆಯ ಮೇಲೆ ಸೀಳು ಬರುತ್ತದೆ, ಮೇಷ್ಟ್ರು ಬಂದು ಹೇಳಬೇಕಾಗಿಲ್ಲ.

ಹಿಂದಿನಿಂದ ಒಬ್ಬ ಯುವಕ: ‘ಸರ್, ಎಲ್ಲ ಗಣಿತವನ್ನೂ ಹೀಗೆ ತೋರಿಸಬಹುದಾ?’

ಇಲ್ಲಪ್ಪ. ಅವಿಭಾಜ್ಯ ಸಂಖ್ಯೆಗಳು ಮುಗಿಯುವುದೇ ಇಲ್ಲ ಅನ್ನುವ ಯೂಕ್ಲಿಡನ ವಾದ ತೆಗೆದುಕೊಳ್ಳಿ. ಇರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಸೇರಿಸು, ಬಂದ ಸಂಖ್ಯೆಯನ್ನು ಅವು ಯಾವುವೂ ಭಾಗಿಸಲಾರವು. ಇದಕ್ಕೆ ಚಂದದ ಅನಿಮೇಷನ್ ಮಾಡಬಹುದು. ಅಂಕಿಗಳು ಹಾರಿ ಬಂದು ಗುಣಿಸಿಕೊಳ್ಳಲಿ, ಕೊನೆಗೆ ಒಂದು ಬಂದು ಕೂರಲಿ, ಎಲ್ಲ ಥಳಥಳ ಹೊಳೆಯಲಿ. ನೋಡಿದ ಹುಡುಗರು ಏನು ತಿಳಿಯುತ್ತಾರೆ ಗೊತ್ತಾ? ಹಾಗೆ ಬಂದ ಸಂಖ್ಯೆ ತಾನೇ ಅವಿಭಾಜ್ಯ ಅಂತ. 2, 3, 5, 7, 11, 13 ಗುಣಿಸಿ ಒಂದು ಸೇರಿಸಿ, 30,031 ಬರುತ್ತದೆ. ಅದು 59 ಗುಣಿಸು 509. ಅವಿಭಾಜ್ಯ ಅಲ್ಲ. ಹೊಸ ಅವಿಭಾಜ್ಯ ಅದರ ಹೊಟ್ಟೆಯಲ್ಲಿದೆ ಅಷ್ಟೇ. ಇಲ್ಲಿ ತೂಕ ಇರುವುದು ‘ಅಥವಾ’, ‘ಆದ್ದರಿಂದ’ ಅನ್ನುವ ಮಾತುಗಳ ಮೇಲೆ. ಅವುಗಳಿಗೆ ಬಣ್ಣ ಇಲ್ಲ, ಆಕಾರ ಇಲ್ಲ. ಈ ಪಾಠಕ್ಕೆ ನಾನು ಲ್ಯಾಪ್‌ಟಾಪ್ ತೆಗೆಯುವುದಿಲ್ಲ. ಬೋರ್ಡು, ಚಾಕ್‌ಪೀಸು ಸಾಕು.